ಮಾವನ ಹಾರ್ಟು, ಮಾವನ ವಾಕಿಂಗು

ಶಿಕಾರಿಪುರದ ಕ್ಲಿನಿಕ್ಕೊಂದರಲ್ಲಿ ನಾನು ನರ್ಸು. ಎದೆ ಹಿಡಿದುಕೊಂಡು ಬಂದವರೂ ಹೋಗುವಾಗ ಏನಾದರೊಂದು ನಗೆ ಬಿಟ್ಟೇ ಹೋಗುತ್ತಾರೆ. ಹೋದ ವರ್ಷ ನಮ್ಮ ಮಾವನವರೇ ಎದೆ ಹಿಡಿದುಕೊಂಡು ಬಂದರು. ಆಗ ಮಾತ್ರ ನಗು ಬರಲಿಲ್ಲ. ಈಗ ಬರುತ್ತಿದೆ, ಅದಕ್ಕೇ ಹೇಳುತ್ತಿದ್ದೇನೆ.

ಮೇಲಿನ ಗದ್ದೆಯವರು

ಡಾಕ್ಟರು ಎಕೋ ಸ್ಕ್ಯಾನ್ ಮಾಡಿ, ಹೃದಯದ ಒಂದು ಕಡೆಯ ಗೋಡೆ ಸರಿಯಾಗಿ ಮಿಡಿಯುತ್ತಿಲ್ಲ ಎಂದರು. ಮಾವನ ಗದ್ದೆ ಅಂಜನಾಪುರದ ಕಾಲುವೆಯ ಕಟ್ಟಕಡೆಗಿದೆ ಎಂದು ಡಾಕ್ಟರಿಗೆ ಗೊತ್ತು.

"ನೋಡ್ರಿ ಯಜಮಾನ್ರೆ, ರಕ್ತನಾಳ ಅಂದ್ರೆ ಕಾಲುವೆ. ಅದು ಕಟ್ಕೊಂಡಿದೆ. ಕೊನೇ ಗದ್ದೆಗೆ ನೀರು ಹೋಗ್ತಿಲ್ಲ. ಪೈರು ಬಾಡಿದೆ, ಸತ್ತಿಲ್ಲ. ಸ್ಟೆಂಟ್ ಹಾಕಿ ನೀರು ಬಿಟ್ರೆ ಚಿಗುರಬಹುದು."

ಮಾವ ಎದ್ದೇ ಕೂತರು. "ಗೊತ್ತಾತು ಬಿಡ್ರಿ. ಕಟ್ಟಿದೋರು ಯಾರು? ಮೇಲಿನ ಗದ್ದೆಯೋರಾ?"

"ಯಾರೂ ಅಲ್ರಿ, ನೀವೇ. ಬೀಡಿ ಸೇದಿ, ಕರಿದಿದ್ದು ತಿಂದು ಕಟ್ಟಿದ್ದು."

"ಹಂಗಾರೆ ಯಾರ ಮನಿ ಮುಂದೆ ಹೋಗಿ ಜಗಳ ಆಡ್ಲಿ?"

ನೋಡಲು ಬಂದವರು

ದೊಡ್ಡಾಸ್ಪತ್ರೆಯಲ್ಲಿ ಸ್ಟೆಂಟ್ ಆಯಿತು. ಆ ಗೋಡೆ ಚೇತರಿಸಿಕೊಂಡಿತೋ ಇಲ್ಲವೋ ತಿಳಿಯಲು ಕೆಲವು ತಿಂಗಳು ಬಿಟ್ಟು ಮತ್ತೆ ಎಕೋ ಮಾಡಬೇಕು, ಅಲ್ಲಿಯವರೆಗೆ ಅವರಿಗೆ ಗಾಬರಿ ಹುಟ್ಟಿಸಬೇಡಿ ಎಂದಿದ್ದರು ಡಾಕ್ಟರು. ಆದರೆ ನೋಡಲು ಬರುವವರನ್ನು ತಡೆಯುವವರು ಯಾರು? ಸೊರಬದಿಂದ ಮಾವನ ಅಕ್ಕ ಬಂದರು.

"ನಮ್ಮ ಬೀದೀಲಿ ಒಬ್ರಿಗೆ ಥೇಟ್ ಹಿಂಗೇ ಆಗಿತ್ತು ತಮ್ಮ. ಇದೇ ಸ್ಟೆಂಟು. ಚೆನ್ನಾಗೇ ಓಡಾಡ್ಕೊಂಡಿದ್ರು."

ಮಾವನ ಮುಖ ಅರಳಿತು. "ಈಗ ಹೆಂಗದಾರೆ?"

ಅಕ್ಕ ನನ್ನ ಮುಖ ನೋಡಿದರು. ಆಮೇಲೆ ಕೈಚೀಲದೊಳಗೆ ಕೈ ಹಾಕಿದರು.

"ಬಾಳೆಹಣ್ಣು ತಿನ್ನು ತಮ್ಮ, ಚೆನ್ನಾಗಿ ಹಣ್ಣಾಗಿದೆ."

ನಡಿಗೆ

ಎರಡನೇ ಎಕೋ ದಿನ ನಾನೂ ಪಕ್ಕದಲ್ಲೇ ನಿಂತಿದ್ದೆ. ಪರದೆಯ ಮೇಲೆ ನೋಡಿದರೆ, ಅಂದು ಸುಮ್ಮನಿದ್ದ ಗೋಡೆ ಮಿಡಿಯುತ್ತಿತ್ತು! ಅಳು ತಡೆಯಲಾಗದೆ ಕೈಗೆ ಸಿಕ್ಕ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡೆ. ಅದು ಮಾವನ ಎದೆಯ ಜೆಲ್ ಒರೆಸಿದ ಬಟ್ಟೆ. ಮುಖವೆಲ್ಲ ಜೆಲ್ಲಾಯಿತು.

ಡಾಕ್ಟರೂ ಖುಷಿಯಾಗಿದ್ದರು. "ದಿನಾ ವಾಕಿಂಗ್ ಮಾಡ್ತಿದೀರಾ?"

"ಶಿರಾಳಕೊಪ್ಪದ ತನಕ ಹೋಗಿ ಬರ್ತೀನ್ರಿ."

"ಅಷ್ಟು ದೂರ ನಡೀತೀರಾ?"

"ನಡೀಬೇಕಂತ್ಲೇ ಹೊರಡ್ತೀನ್ರಿ. ನಾಕು ಹೆಜ್ಜಿ ಇಡೋದ್ರೊಳಗೆ ಯಾರಾದ್ರೂ ಬೈಕ್ ನಿಲ್ಸಿ, 'ಹತ್ರಿ ಯಜಮಾನ್ರೆ, ಯಾಕ್ ನಡೀತೀರಿ' ಅಂತಾರೆ. ಒಲ್ಲೆ ಅಂದ್ರೆ ಬೇಜಾರು ಮಾಡ್ಕೋತಾರೆ. ಅವ್ರು ಎಲ್ಲಿಗೋ ನಾನೂ ಅಲ್ಲಿಗೇ. ಬರೋವಾಗ ಬಸ್ಸು."

ಡಾಕ್ಟರಿಗೆ ಸಿಟ್ಟೇ ಬಂತು. "ಇವತ್ತಿಂದ ಯಾರು ಕರೆದ್ರೂ ಹತ್ತಬಾರ್ದು. ಈಗ ಮನೆಗೂ ನಡ್ಕೊಂಡೇ ಹೋಗ್ರಿ!"

ಮಾವ ತಲೆಯಾಡಿಸಿ ಹೊರಟರು. ಸ್ವಲ್ಪ ಹೊತ್ತಿಗೆ ಡಾಕ್ಟರೂ ಊಟಕ್ಕೆ ಹೊರಟರು. ಸಂಜೆ ನಾನು ಮನೆಗೆ ಹೋದಾಗ ಮಾವ ಆರಾಮಾಗಿ ಕುರ್ಚಿಯಲ್ಲಿದ್ದರು.

"ನಡ್ಕೊಂಡೇ ಬಂದ್ರಾ ಮಾವ?"

"ಎಲ್ಲಿ ನಡೆಯೋಕೆ ಬಿಡ್ತಾರವ್ವ? ಬಸ್ ಸ್ಟ್ಯಾಂಡ್ ಹತ್ರ ಒಂದು ಕಾರು ಬಂದು ನಿಲ್ತು. 'ಹತ್ರಿ ಯಜಮಾನ್ರೆ, ಬಿಸ್ಲಾಗೆ ಯಾಕ್ ನಡೀತೀರಿ' ಅಂದ್ರು. ಹತ್ತಿದೆ."

ನನಗೂ ರೇಗಿತು. "ಯಾರು ಕರೆದ್ರೂ ಹತ್ತಬಾರ್ದು ಅಂತ ಡಾಕ್ಟ್ರು ಅಷ್ಟು ಹೇಳಿದಾರಲ್ಲ ಮಾವ!"

"ಕರೆದೋರೂ ಅವ್ರೇ ಅಲ್ಲೇನವ್ವ!"