ಬಾಬಾ ತಿತಿಯ ರಾಜಬಣ್ಣ

ಬದುಕಿನಲ್ಲಿ ಒಂದೇ ಒಂದು ಸಲ ರಾಜನಾಗಿ ಮೆರೆಯಬೇಕೆಂದು ನಿವೃತ್ತ ಪೋಸ್ಟ್‌ಮಾಸ್ಟರ್ ಶೋದಿಪೊ ಅವರು ತೀರ್ಮಾನಿಸಿದ್ದರು. ಪಟ್ಟಾಭಿಷೇಕದ ಮುಹೂರ್ತವೂ ಗೊತ್ತಾಗಿತ್ತು: ಮಗಳು ತಿತಿಲಾಯೊಳ ನಿಶ್ಚಿತಾರ್ಥದ ಶನಿವಾರ, ಚರ್ಚಿನ ಹಿಂದಿನ ಸಭಾಂಗಣ, ಅಬೆಯೊಕುಟಾ.

ಅವರು ಹಾಗೆ ಅಂದುಕೊಂಡದ್ದರಲ್ಲಿ ತಪ್ಪೇನೂ ಇಲ್ಲ. ಆ ಊರಿನಲ್ಲಿ ಹೆಣ್ಣು ಹೆತ್ತವನಿಗೆ ಅದೊಂದು ದಿನವಾದರೂ ಸಿಂಹಾಸನ ಸಿಗುತ್ತದೆ. ಗಂಡಿನ ಮನೆಯವರು ಬಾಗಿಲಲ್ಲೇ ನಿಂತು, ನಮ್ಮನ್ನು ಒಳಗೆ ಬಿಡಿ ಎಂದು ಹಾಡಿ ಕುಣಿದು ಬೇಡಬೇಕು. ಒಳಗೆ ಬಂದ ಮೇಲೆ ಮಂಡಿಯೂರಬೇಕು. ಆಮೇಲೆ ಮದುಮಗ ತನ್ನ ಗೆಳೆಯರ ದಂಡು ಕಟ್ಟಿಕೊಂಡು ಬಂದು, ಹೊಟ್ಟೆ ನೆಲಕ್ಕೆ ತಾಗುವಂತೆ ಅಡ್ಡಬೀಳಬೇಕು. ದೊಡ್ಡ ಕುರ್ಚಿಯಲ್ಲಿ ಕೂತ ಮಾವ ‘ಏಳಿ’ ಅನ್ನುವವರೆಗೆ ಒಬ್ಬನೂ ಏಳುವಂತಿಲ್ಲ. ಶೋದಿಪೊ ಆ ‘ಏಳಿ’ಯನ್ನು ಎಷ್ಟು ಹೊತ್ತು ತಡೆಹಿಡಿಯಬೇಕೆಂದು ಆಗಲೇ ಲೆಕ್ಕ ಹಾಕಿದ್ದರು. ಒಂದು ಬಾಟಲಿ ಮಾಲ್ಟ್ ಪಾನೀಯವನ್ನು ನಿಧಾನವಾಗಿ ಕುಡಿದು ಮುಗಿಸುವಷ್ಟು ಹೊತ್ತು! ಇದನ್ನು ಬೀದಿಯ ಕ್ಷೌರದಂಗಡಿಯಲ್ಲೂ ಸಾರಿಬಿಟ್ಟಿದ್ದರು.

ರಾಜನಾಗುವವನಿಗೆ ರಾಜನ ಉಡುಪು ಬೇಡವೇ? ಅವರ ಮೆಚ್ಚಿನ ಸಿನಿಮಾದಲ್ಲಿ ಒಬ್ಬ ಅರಸನಿದ್ದ. ಕೊನೆಯ ದೃಶ್ಯದಲ್ಲಿ ಆತ ನೆಲ ಗುಡಿಸುವಷ್ಟು ಉದ್ದದ ಅಗ್ಬಾಡ ತೊಟ್ಟು ಹೊರಬರುತ್ತಿದ್ದಂತೆ ಊರಿಗೆ ಊರೇ ಮಣ್ಣಿಗೆ ಮುಖವಿಟ್ಟು ಮಲಗುತ್ತಿತ್ತು. ಆ ನಿಲುವಂಗಿಯ ಬಣ್ಣ ಶೋದಿಪೊ ಅವರ ಕಣ್ಣಿನಲ್ಲಿ ಕೂತುಬಿಟ್ಟಿತ್ತು. ಆದರೆ ಹೆಂಡತಿ ಅಬೆಕೆ ಆಗಲೇ ಗಂಡನಿಗಾಗಿ ಹೊನ್ನಬಣ್ಣದ ಲೇಸಿನ ಬಟ್ಟೆ ಕೊಂಡು, ಹೊಲಿಸಿ, ಇಸ್ತ್ರಿ ಮಾಡಿಸಿ ಬೀರುವಿನಲ್ಲಿ ತೂಗುಹಾಕಿದ್ದಳು. ಹೆಣ್ಣಿನ ಕಡೆಯವರದೆಲ್ಲ ಹೊನ್ನಬಣ್ಣ, ಮದುಮಗ ಕೊಲಪೊನ ಕಡೆಯವರದು ನೇರಳೆ ಎಂದು ಎರಡೂ ಮನೆಯ ಹೆಂಗಸರು ಕೂತು ಗೊತ್ತುಮಾಡಿ ತಿಂಗಳುಗಳೇ ಆಗಿದ್ದವು. ಅವಳು ಅದನ್ನು ಹೇಳಿದಾಗ ಶೋದಿಪೊ ಪೇಪರಿನಿಂದ ತಲೆ ಎತ್ತದೆ ‘ಹ್ಞೂಂ’ ಅಂದಿದ್ದರು.

ಈಗ ಆ ಹೊನ್ನಬಣ್ಣ ತಮಗೆ ಬೇಡ, ಬಿಳಿ ಬಟ್ಟೆ ತಂದು ಹೊಲಿಸಿ ತಾವೇ ಬಣ್ಣ ಹಾಕಿಕೊಳ್ಳುವುದಾಗಿ ಹೇಳಿದರು.

“ಇಟೊಕು ಮಾರ್ಕೆಟ್ ತುಂಬ ಬಣ್ಣ ಹಾಕೋರೇ ಇದ್ದಾರಲ್ಲ, ಬಾಬಾ ತಿತಿ. ಅವರಿಗೆ ಕೊಡಿ” ಎಂದಳು ಅಬೆಕೆ. ಗಂಡನನ್ನು ಅವಳು ಕರೆಯುತ್ತಿದ್ದುದೇ ಹಾಗೆ, ತಿತಿಯ ಅಪ್ಪ ಎಂದು.

“ನಮ್ಮಮ್ಮ ಯಾರು? ಇಡೀ ಊರಿಗೇ ಬಣ್ಣ ಹಾಕಿದೋಳು. ನಾನು ಹುಟ್ಟಿದ್ದೇ ಬಣ್ಣದ ಮಡಕೆ ಪಕ್ಕದಲ್ಲಿ.”

“ನಮ್ಮಪ್ಪ ಲಾರಿ ಓಡಿಸ್ತಿದ್ರು. ಹಾಗಂತ ನನ್ನ ಕೈಗೆ ಸ್ಟೀರಿಂಗ್ ಕೊಡ್ತೀರಾ?”

ಶೋದಿಪೊ ಅವರು ಎದ್ದು ಹಿತ್ತಲಿಗೆ ಹೋದರು.

ಬಣ್ಣ ಹೊಂದಿಸುವ ಅವರ ವಿಧಾನ ಬಹಳ ವೈಜ್ಞಾನಿಕವಾಗಿತ್ತು. ಸಿನಿಮಾದ ಡಿಸ್ಕ್ ಹಾಕಿ, ಅರಸ ಹೊರಬರುವ ಜಾಗದಲ್ಲಿ ಚಿತ್ರವನ್ನು ನಿಲ್ಲಿಸುವುದು. ಹಿತ್ತಲಿನಲ್ಲಿ ಚಿಂದಿಯೊಂದನ್ನು ಬಣ್ಣಕ್ಕೆ ಅದ್ದುವುದು. ಓಡಿಬಂದು ಟೀವಿಯ ಗಾಜಿಗೆ ಒತ್ತಿ ಹಿಡಿದು ನೋಡುವುದು. ಹೊಂದದಿದ್ದರೆ ಮತ್ತೆ ಹಿತ್ತಲಿಗೆ ಓಡುವುದು. ಅಂಗಡಿಯಿಂದ ತಂದ ನೀಲಿ ಪುಡಿಯಲ್ಲಿ ಮೊದಲ ಚಿಂದಿ ಬರೀ ನೀಲಿಯಾಗಿ ಬಂತು. ಟೀವಿಯಲ್ಲಿ ಅರಸನ ಬಟ್ಟೆಗೆ ಕೆಂಪು ಛಾಯೆಯಿತ್ತು. ಶೋದಿಪೊ ಅವರು ಕೆಂಪು ಬೆರೆಸಿದರು. ಸಾಲಲಿಲ್ಲ. ಇನ್ನಷ್ಟು ಬೆರೆಸಿದರು. ನಡುವೆ ಕರೆಂಟು ಹೋಗಿ ಅರಸ ಮಾಯವಾದ. ಜನರೇಟರ್ ಹಚ್ಚಿ ಅವನನ್ನು ಮತ್ತೆ ಕರೆಸಿ, ಅರಮನೆಯಿಂದ ಮತ್ತೆ ಹೊರಡಿಸಿ, ಮತ್ತೆ ಬಾಗಿಲಲ್ಲಿ ನಿಲ್ಲಿಸಿದರು.

ಆ ಟೀವಿಯ ವಿಷಯ ಒಂದಿಷ್ಟು ಹೇಳಲೇಬೇಕು. ತಿತಿಯ ಹಾಲುಹಲ್ಲು ಬೀಳುತ್ತಿದ್ದ ಕಾಲದಲ್ಲಿ ಕೊಂಡದ್ದು. ಈಚೆಗೆ ಅದರಲ್ಲಿ ಹಸಿರು ಸತ್ತುಹೋಗಿ, ಕಂಡದ್ದೆಲ್ಲ ಕೆಂಪಡರಿ ಕಾಣುತ್ತಿತ್ತು. ವಾರ್ತೆ ಓದುವವರೆಲ್ಲ ಈಗ ತಾನೇ ಯಾರಿಂದಲೋ ಬೈಸಿಕೊಂಡು ಬಂದವರಂತಿದ್ದರು. ಫುಟ್‌ಬಾಲ್ ಮೈದಾನವಂತೂ ಈರುಳ್ಳಿ ಸಿಪ್ಪೆ ಹರಡಿದ ಅಂಗಳ. ಹೆಂಡತಿ ಮಗಳು ಇಬ್ಬರೂ ರಿಪೇರಿ ಮಾಡಿಸಿ ಎಂದು ಹೇಳಿ ಹೇಳಿ ಸಾಕಾಗಿದ್ದರು. ಶೋದಿಪೊ ಅವರಿಗೆ ಮಾತ್ರ ಅದೇ ಅಭ್ಯಾಸವಾಗಿ, ಹೊರಗೆ ಬಂದಾಗ ಪ್ರಪಂಚವೇ ಸ್ವಲ್ಪ ಬಾಡಿದಂತೆ ಕಾಣುತ್ತಿತ್ತು.

ಚಿಂದಿ ಕೊನೆಗೂ ಗಾಜಿನ ಮೇಲೆ ಕಾಣದಷ್ಟು ಹೊಂದಿಕೊಂಡಿತು. ಶೋದಿಪೊ ಅವರು ಗೆದ್ದರು! ಈಗ ಇಡೀ ಅಗ್ಬಾಡ ಮುಳುಗುವಂಥ ಪಾತ್ರೆ ಬೇಕಿತ್ತು. ಮನೆಯಲ್ಲಿ ಅಂಥದ್ದು ಒಂದೇ ಇತ್ತು. ಅಬೆಕೆ ಮದುವೆ ಹಬ್ಬಗಳಿಗೆಲ್ಲ ಜೊಲೊಫ್ ಅನ್ನ ಬೇಯಿಸುವ, ಯಾರು ಕೇಳಿದರೂ ಎರವಲು ಕೊಡದ, ಅಲ್ಯುಮಿನಿಯಂ ಹಂಡೆ. ಅವಳು ಮಾರ್ಕೆಟ್ಟಿಗೆ ಹೋದ ಹೊತ್ತು ನೋಡಿ ಅದನ್ನು ಹೊರಗೆಳೆದರು. ಬಿಸಿನೀರು, ಬಣ್ಣ, ಅದು ಹಿಡಿಯಲೆಂದು ಕಾಸ್ಟಿಕ್ ಸೋಡಾ ಎಲ್ಲವನ್ನೂ ಸುರಿದರು.

ತಾಯಿ ಜೀವನಪೂರ್ತಿ ಮಣ್ಣಿನ ಮಡಕೆಯನ್ನೇ ಏಕೆ ಬಳಸಿದಳೆಂದು ಶೋದಿಪೊ ಅವರಿಗೆ ಆಗ ಗೊತ್ತಾಯಿತು. ಹಂಡೆ ಮೊದಲು ಬುಸುಗುಟ್ಟಿತು. ಆಮೇಲೆ ನೊರೆ ಕಕ್ಕಿತು. ನೊರೆ ಬಾಯಿ ದಾಟಿ ಅಂಗಳಕ್ಕಿಳಿಯಿತು. ಸೋಡಾ ತಳವನ್ನು ತಿಂದು, ಅಲ್ಲಲ್ಲಿ ಸೂಜಿಮೊನೆಯಷ್ಟು ತೂತು ಮಾಡಿತು, ಬಣ್ಣ ನಾಲ್ಕೂ ಕಡೆಗೆ ಪಿಚಕಾರಿ ಹೊಡೆಯತೊಡಗಿತು. ಅವರು ಬಟ್ಟೆಯನ್ನು ಬಾಚಿಕೊಂಡು ಬಚ್ಚಲಿನ ಪ್ಲಾಸ್ಟಿಕ್ ಡ್ರಮ್ಮಿಗೆ ಓಡಿದರು. ಉಳಿದ ಬಣ್ಣವನ್ನು ಚೊಂಬಿನಲ್ಲಿ ಮೊಗೆದು ತಂದು ಸುರಿದರು. ಕೈಗೆ ಹಾಕಿದ್ದ ರಬ್ಬರ್ ಗವುಸಿನೊಳಕ್ಕೂ ಬಣ್ಣ ಇಳಿದು, ಅವರ ಕೈಗಳು ಮೊಣಕೈವರೆಗೆ ನೇರಳೆಯಾದವು. ಪಕ್ಕದ ಮನೆಯ ಬಿಳಿ ಮೇಕೆ ಅಂಗಳ ದಾಟಿಕೊಂಡು ಹೋಯಿತು. ಹೋಗುವಾಗ ಅದರ ನಾಲ್ಕೂ ಕಾಲಿಗೆ ಕಾಲುಚೀಲವಿತ್ತು.

ಅಬೆಕೆ ಬಂದು ಹಂಡೆ ನೋಡಿದಳು. ಅದನ್ನೆತ್ತಿ ಬಿಸಿಲಿಗೆ ಹಿಡಿದಳು. ತಳದಲ್ಲಿ ನಕ್ಷತ್ರಗಳು ಮಿನುಗಿದವು. ಅದನ್ನು ಕೆಳಗಿಟ್ಟಳು. ಹಗ್ಗದ ಮೇಲೆ ತೊಟ್ಟಿಕ್ಕುತ್ತಿದ್ದ ಅಗ್ಬಾಡದ ಸುತ್ತ ಒಂದು ಸುತ್ತು ಬಂದಳು.

“ಇದು ಕೊಲಪೊ ಮನೆಯವರ ಬಣ್ಣ” ಎಂದಳು.

“ಅವರದು ಬದನೇಕಾಯಿ ಬಣ್ಣ. ಇದು ರಾಜಬಣ್ಣ. ಟೀವಿಗೆ ಹಿಡಿದು ನೋಡು ಬೇಕಾದ್ರೆ.”

“ಬೀರುನಲ್ಲಿ ಹೊನ್ನಬಣ್ಣದ್ದು ಇದೆ. ಹಾಕ್ಕೊಳ್ಳೋದಾದ್ರೆ ಅದನ್ನ ಹಾಕ್ಕೊಳ್ಳಿ. ಇಲ್ಲ, ನಾನು ರಾಜನೇ ಅಂತೀರಾ, ಅಲ್ಲಿ ಏನಾದ್ರೂ ನನ್ನನ್ನ ಕರೀಬೇಡಿ.” ಇಷ್ಟು ಹೇಳಿ ಒಳಗೆ ಹೋದಳು.

ಶನಿವಾರ ಬೆಳಿಗ್ಗೆಯೇ ಅಬೆಕೆ, ತಿತಿ, ನೆಂಟರಿಷ್ಟರೆಲ್ಲ ಸಭಾಂಗಣಕ್ಕೆ ಹೊರಟುಹೋದರು. ಶೋದಿಪೊ ಹಿಂದೆ ಉಳಿದರು. ಬೆನ್ನಿನ ಕಡೆ ಬಣ್ಣ ಪಟ್ಟೆಪಟ್ಟೆಯಾಗಿದ್ದಕ್ಕೆ ಶುಕ್ರವಾರ ಇನ್ನೊಂದು ಮುಳುಗು ಹಾಕಿದ್ದರಿಂದ ರಾಜವಸ್ತ್ರ ಇನ್ನೂ ಒದ್ದೆಯಾಗಿತ್ತು. ಕಾದು ಕಾದು ಕೊನೆಗೆ ಹಸಿಯಾಗಿಯೇ ತೊಟ್ಟು, ಗಾಳಿಗೆ ಒಣಗೀತೆಂದು ಬಾಡಿಗೆ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಹೊರಟರು. ಅಗ್ಬಾಡ ಹಾಯಿಯಂತೆ ಉಬ್ಬಿತು. ಜನ ತಿರುಗಿ ತಿರುಗಿ ನೋಡಿದರು. ರಾಜನ ಸವಾರಿ ಎಂದರೆ ಹೀಗೇ ಇರಬೇಕು ಎಂದುಕೊಂಡು ಶೋದಿಪೊ ಅವರು ಒಂದಿಬ್ಬರಿಗೆ ಕೈಯನ್ನೂ ಬೀಸಿದರು.

ಸಭಾಂಗಣದ ಮುಂದೆ ಇಜೆಬು ಊರಿನಿಂದ ಬಸ್ಸಿನಲ್ಲಿ ಬಂದ ಗಂಡಿನ ಕಡೆಯವರು ಹಾಡಿಕೊಂಡು ನಿಂತಿದ್ದರು. ಎಲ್ಲರೂ ಅಡಿಯಿಂದ ಮುಡಿಯವರೆಗೆ ನೇರಳೆ. ಶೋದಿಪೊ ಅವರನ್ನು ಬಲ್ಲವರೆಂದರೆ ಕೊಲಪೊನ ತಂದೆತಾಯಿ, ಅವರೋ ಮುಂದೆ ಬಾಗಿಲ ಹತ್ತಿರ ಇದ್ದರು. ಮದುಮಗ ಇನ್ನೂ ಬಂದಿರಲಿಲ್ಲ. ಇಂಥ ಸಮಾರಂಭ ನಡೆಸಿಕೊಡಲು ಎರಡೂ ಕಡೆಗೆ ಒಬ್ಬೊಬ್ಬ ಬಾಯಿ ಜೋರಿನ ಹೆಂಗಸನ್ನು ಗೊತ್ತು ಮಾಡುತ್ತಾರೆ. ಅವರಿಗೆ ಅಲಗಾ ಎನ್ನುತ್ತಾರೆ. ಗಂಡಿನ ಕಡೆಯ ಅಲಗಾ ಗೇಟಿನಲ್ಲೇ ಶೋದಿಪೊ ಅವರ ತೋಳು ಹಿಡಿದಳು.

“ಎಲ್ಲಿಗೆ ಹೊರಟ್ರಿ ದೊಡ್ಡಪ್ಪಾ? ನಮ್ಮೋರ್ಯಾರೂ ಹಾಗೆ ನುಗ್ಗಬಾರದು. ಸಾಲಿಗೆ ಬನ್ನಿ, ಸೊಂಟ ಆಡಿಸಿ.”

ತಾನು ಹೆಣ್ಣಿನ ತಂದೆ ಎಂದು ಅವರು ಗಂಭೀರವಾಗಿ ಹೇಳಿದರು. ಸಾಲಿಗೆ ಸಾಲೇ ನಕ್ಕಿತು. ಪ್ರತಿ ಮದುವೆಯಲ್ಲೂ ಯಾರಾದರೊಬ್ಬರು ಹೀಗೆ ಹೇಳಿ ಮೊದಲೇ ಒಳನುಗ್ಗಿ ಊಟಕ್ಕೆ ಕೂರಲು ನೋಡುತ್ತಾರೆ, ಇದು ಹಳೇ ಆಟ ಎಂದು ಅಲಗಾ ಸಮಾಧಾನ ಹೇಳಿದಳು. ದಪ್ಪನೆಯ ಇಬ್ಬರು ಚಿಕ್ಕಮ್ಮಂದಿರು ಅವರನ್ನು ನಡುವೆ ಹಾಕಿಕೊಂಡರು. ತಾಳಕ್ಕೆ ಸರಿಯಾಗಿ ಎಡಕ್ಕೆ ಒಂದು ತಳ್ಳು, ಬಲಕ್ಕೆ ಒಂದು ತಳ್ಳು ಬೀಳುತ್ತ, ಪೋಸ್ಟ್‌ಮಾಸ್ಟರರು ತಮ್ಮ ಮಗಳನ್ನು ತಮಗೇ ಕೊಡಿರೆಂದು ಬೇಡುವ ಹಾಡಿಗೆ ಕುಣಿಯುತ್ತ ಒಳಗೆ ಬಂದರು.

ಒಳಗೆ ಹೆಣ್ಣಿನ ಕಡೆಯ ಅಲಗಾ ಮೈಕು ಹಿಡಿದು ಕಾದಿದ್ದಳು. ಅವಳು ಕೈ ತೋರಿದ್ದೇ ತಡ, ನೇರಳೆ ಸಮುದ್ರ ಮಂಡಿಯೂರಿತು. ನಡುವೆ ಒಬ್ಬರು ಮಾತ್ರ ನಿಂತೇ ಇದ್ದರು.

“ಆ ಹಿಂದಿನ ಯಜಮಾನರ ಮಂಡಿ ಊರಲ್ಲೇ ಬಿಟ್ಟು ಬಂದ್ರಾ?” ಎಂದಿತು ಮೈಕು.

ಹೊನ್ನಬಣ್ಣದವರು ಕತ್ತು ಉದ್ದ ಮಾಡಿ ನೋಡಿದರು. ಅವರಿಗೆ ಗುರುತು ಸಿಕ್ಕಿತು. ಮೊದಲು ಒಬ್ಬರು ಬಾಯಿ ಮುಚ್ಚಿಕೊಂಡರು, ಆಮೇಲೆ ಇಡೀ ಸಾಲು ಹೊಟ್ಟೆ ಹಿಡಿದುಕೊಂಡಿತು. ಶೋದಿಪೊ ಅವರು ತಮ್ಮ ನೇರಳೆ ಕೈ ಎತ್ತಿ ವಿವರಣೆ ಕೊಟ್ಟರು: ಇದು ಗಂಡಿನವರ ಬಣ್ಣವಲ್ಲ, ಇಂಥ ಸಿನಿಮಾದ ಅರಸನ ನಿಲುವಂಗಿಯ ಬಣ್ಣ.

“ಆ ಅರಸನದ್ದಾ? ಆ ಸಿನಿಮಾ ನಾನು ಏಳು ಸಲ ನೋಡಿದೀನಿ. ಅದು ನೀಲಿ” ಎಂದಳು ಅಲಗಾ. ನೀಲಿ, ನೀಲಿ ಎಂದು ಎರಡೂ ಕಡೆಯವರು ಮೊದಲ ಬಾರಿಗೆ ಒಮ್ಮತಕ್ಕೆ ಬಂದರು. ಶೋದಿಪೊ ಅವರ ಕಣ್ಣ ಮುಂದೆ ವಾರ್ತೆ ಓದುವವರ ಕೆಂಪು ಮುಖಗಳು ಒಂದೊಂದಾಗಿ ಹಾದುಹೋದವು.

ಅಲಗಾ ಅಬೆಕೆಯ ಕಡೆ ತಿರುಗಿದಳು. “ಅಮ್ಮಾ, ಇವರು ನಿಮ್ಮ ಯಜಮಾನರಂತೆ. ಗುರುತು ಇದೆಯಾ?”

ಅಬೆಕೆ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಪಕ್ಕದ ದೊಡ್ಡ ಕುರ್ಚಿ ಖಾಲಿಯಿತ್ತು. “ನಮ್ಮನೇರ ಬಟ್ಟೆ ಹೊನ್ನಬಣ್ಣದ್ದು. ನಾನೇ ಹೊಲಿಸಿದ್ದು. ಇವರ್ಯಾರೋ ಗೊತ್ತಿಲ್ಲಮ್ಮ. ಹೆಣ್ಣು ಕೇಳೋಕೆ ಬಂದಿದ್ರೆ ಪದ್ಧತಿ ಪ್ರಕಾರ ಕೇಳಲಿ.”

ಬೇರೆ ದಾರಿ ಇರಲಿಲ್ಲ. ಅಬೆಯೊಕುಟಾದ ನಿವೃತ್ತ ಪೋಸ್ಟ್‌ಮಾಸ್ಟರರು ಮೊದಲು ಮಂಡಿ, ಆಮೇಲೆ ಅಂಗೈ, ಆಮೇಲೆ ಹೊಟ್ಟೆ ಹೀಗೆ ಕಂತುಕಂತಾಗಿ ನೆಲಕ್ಕಿಳಿದು ಹೆಂಡತಿಯ ಮುಂದೆ ಅಡ್ಡಬಿದ್ದರು. ಡೋಲು ಬಾರಿಸುವವರು ಸುಮ್ಮನಿರುತ್ತಾರೆಯೇ? ಅವರ ತಲೆಯ ಹತ್ತಿರವೇ ಬಂದು ಬಾರಿಸಿದರು. ಸಿಮೆಂಟು ನೆಲ ತಣ್ಣಗಿತ್ತು, ಬಟ್ಟೆ ಹಸಿಯಾಗಿತ್ತು, ಮಂಡಿಯ ಚಿಪ್ಪು ಪ್ರಾಣ ಹಿಂಡುತ್ತಿತ್ತು. ಅಬೆಕೆ ಪಕ್ಕದವರ ಹತ್ತಿರ ಮಾಲ್ಟಿನ ಬಾಟಲಿ ತರಿಸಿ, ಮುಚ್ಚಳ ತೆಗೆಸಿ, ನಿಧಾನವಾಗಿ ಗುಟುಕರಿಸಿದಳು. ಅವಳು ಬಾಟಲಿ ಕೆಳಗಿಟ್ಟು ಏಳಿ ಎಂದಾಗ, ಇಬ್ಬರು ಚಿಕ್ಕಮ್ಮಂದಿರೇ ಅವರನ್ನು ಎತ್ತಿ ನಿಲ್ಲಿಸಬೇಕಾಯಿತು. ನೆಲದ ಮೇಲೆ ಅವರ ಆಕಾರದ ಒಂದು ನೇರಳೆ ಮನುಷ್ಯ ಹಾಗೇ ಮಲಗಿದ್ದ.

ಅಂತೂ ಸಿಂಹಾಸನ ಸಿಕ್ಕಿತು. ಕೊಲಪೊ ಬಂದ. ಗೆಳೆಯರೊಂದಿಗೆ ಅವರ ಪಾದದ ಬಳಿ ದಢಾರನೆ ಅಡ್ಡಬಿದ್ದ. ಇಡೀ ಜನ್ಮ ಕಾದಿದ್ದ ಘಳಿಗೆ! ಕ್ಷೌರದಂಗಡಿಯವನು ಮುಂದಿನ ಸಾಲಿಗೇ ಬಂದು ಕೂತಿದ್ದ.

“ಏಳ್ರಪ್ಪ, ಎದ್ದೇಳಿ, ನೆಲ ತಣ್ಣಗಿದೆ” ಎಂದುಬಿಟ್ಟರು ಶೋದಿಪೊ.

ಅಲಗಾ ಹಾಡಲು ಆಗಷ್ಟೇ ಬಾಯಿ ತೆರೆದಿದ್ದಳು, ಹಾಡು ಇನ್ನೂ ಶುರುವೇ ಆಗಿರಲಿಲ್ಲ. ಎಂಥ ದೊಡ್ಡ ಮನಸ್ಸಿನ ಮಾವ ಎಂದು ಇಜೆಬುವಿನವರು ಕೊಂಡಾಡಿದರು. ಅಬೆಕೆ ಗಂಡನತ್ತ ವಾಲಿ, ದೊಡ್ಡ ಮನಸ್ಸು ಯಾವಾಗ ಬಂತು ಎಂದು ಕೇಳಿದಳು. “ಮನಸ್ಸಲ್ಲ ಕಣೇ, ಮಂಡಿ” ಎಂದರು ಅವರು.

ಕೊನೆಗೆ ತಿತಿಲಾಯೊ ಆಶೀರ್ವಾದಕ್ಕೆ ಬಂದು ತಂದೆಯ ಮುಂದೆ ಮಂಡಿಯೂರಿದಳು. ತಲೆಯ ಮೇಲೆ ಹೊನ್ನಬಣ್ಣದ ರುಮಾಲನ್ನು ದೊಡ್ಡ ಹೂವಿನ ಹಾಗೆ ಕಟ್ಟಿಕೊಂಡಿದ್ದಳು. ತಂದೆ ಎರಡೂ ಕೈ ಎತ್ತಿದವರು ಅಲ್ಲೇ ನಿಲ್ಲಿಸಿಬಿಟ್ಟರು. ಬೆವರಿಗೂ ಹಸಿ ತೋಳಿನ ನೀರಿಗೂ ಕೈಯಿಂದ ನೇರಳೆ ಇಳಿಯುತ್ತಿತ್ತು. ಆ ರುಮಾಲು ಮುಟ್ಟಿದರೆ ಕೆಟ್ಟಿತು. ಮುಟ್ಟದಿದ್ದರೆ ಮಗಳನ್ನು ಹರಸಿದ ಹಾಗಾಯಿತೇ? ರಾಜನಾಗುವ ಹಟದಲ್ಲಿ ಅಪ್ಪನಾಗುವುದಕ್ಕೂ ಬಾರದೆ ಹೋಯಿತಲ್ಲ ಎಂದು ಅವರಿಗೆ ಅಳುವೇ ಬಂತು.

ತಿತಿ ತಲೆ ಎತ್ತಿ ನೋಡಿದಳು. ಆ ಎರಡು ಕೈಗಳನ್ನು ತಾನೇ ಹಿಡಿದು ತನ್ನ ತಲೆಯ ಮೇಲೆ ಒತ್ತಿಕೊಂಡಳು. “ಚೆನ್ನಾಗಿ ಇಡಿ ಬಾಬಾ” ಎಂದಳು.

ಶೋದಿಪೊ ಅವರು ಏನು ಹರಸಿದರೋ ಯಾರಿಗೂ ಕೇಳಿಸಲಿಲ್ಲ. ಕೈ ತೆಗೆದಾಗ ಹೊನ್ನಬಣ್ಣದ ಮೇಲೆ ಎರಡು ನೇರಳೆ ಅಂಗೈಗಳು ಬೆರಳು ಬೆರಳೂ ಎಣಿಸುವಷ್ಟು ಸ್ಪಷ್ಟವಾಗಿ ಮೂಡಿದ್ದವು. ಸಭೆ ಉಸಿರು ಬಿಗಿಹಿಡಿದು ಅಬೆಕೆಯ ಮುಖ ನೋಡಿತು. ಅವಳು ಸೆರಗಿನಂಥ ಹೊದಿಕೆಯ ತುದಿಯಿಂದ ಕಣ್ಣೊರೆಸಿಕೊಂಡು, ಮಗಳ ತಲೆಯ ಹತ್ತಿರ ಬಗ್ಗಿ ಗುರುತುಗಳನ್ನು ಪರೀಕ್ಷಿಸಿದಳು.

“ನೋಡಿ, ಬಲಗೈ ಗಾಢ, ಎಡಗೈ ತಿಳಿ” ಎಂದಳು. “ಇಲ್ಲೂ ಒಂದೇ ಸಮ ಹಾಕಕ್ಕೆ ಬರಲಿಲ್ಲ ನಿಮಗೆ.”