ಚಾಳಿನ ಹನ್ನೆರಡು ಬಾಗಿಲು

ಅರ್ಥವಾಗದ ಕೆಲಸವನ್ನು ಬಹಳ ಅಚ್ಚುಕಟ್ಟಾಗಿ ಮಾಡುವುದು ನನ್ನ ಹಳೆಯ ದೋಷ. ಅರ್ಥವಾದ ಕೆಲಸದಲ್ಲಿ ಮನುಷ್ಯ ಸ್ವಲ್ಪ ಉಡಾಫೆ ಮಾಡಬಹುದು. ಅರ್ಥವಾಗದ್ದರಲ್ಲಿ ಆ ಸ್ವಾತಂತ್ರ್ಯವಿಲ್ಲ. ಶಾಲೆಯಲ್ಲಿ ನನ್ನ ಬೀಜಗಣಿತದ ಉತ್ತರ ತಪ್ಪಿದ್ದರೂ ಅಂಚಿನ ಗೆರೆ ನೆಟ್ಟಗಿದೆಯೆಂದು ಮಾಸ್ತರರು ಅರ್ಧ ಅಂಕ ಕೊಟ್ಟದ್ದುಂಟು. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಜೊತೆಗೊಂದು ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡು, ದಾಂಡೇಲಿಗೆ ಮರಳಿ ಸಣ್ಣದೊಂದು ತರಬೇತಿ ಕೇಂದ್ರಕ್ಕೆ ಸೇರಿದ ಮೇಲೂ ನಾನು ಬದುಕಿದ್ದು ಇಂಥ ಅರ್ಧ ಅಂಕಗಳ ಮೇಲೆಯೇ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಾನು ಹುಟ್ಟಿ ಬೆಳೆದ ಚಾಳನ್ನು ಅದರ ಮಾಲೀಕರು ಕೆಡವುವವರಿದ್ದರು. ಒಂದೇ ಹಂಚಿನ ಮಾಡಿನ ಕೆಳಗೆ ಸಾಲಾಗಿ ಹನ್ನೆರಡು ಮನೆ, ಮುಂದೆ ಉದ್ದಕ್ಕೆ ಒಂದೇ ಕಟ್ಟೆ. ಹೆಚ್ಚಿನವರು ಕಾಗದದ ಮಿಲ್ಲಿನ ಕೆಲಸಕ್ಕೆಂದು ಧಾರವಾಡ, ಬೆಳಗಾವಿ ಕಡೆಯಿಂದ ಬಂದವರು; ಇನ್ನು ಹಳಿಯಾಳಕ್ಕೊಬ್ಬರು, ಬೈಲಹೊಂಗಲಕ್ಕೊಬ್ಬರು ಎಂದು ಚದುರುವವರು. ಆ ಹೊತ್ತಿಗೆ ಕೇಂದ್ರ ನಡೆಸುತ್ತಿದ್ದ ನಮ್ಮ ಸರ್ ಯಾವುದೋ ಪತ್ರಿಕೆಯಲ್ಲಿ ‘ವರ್ಚುವಲ್ ರಿಯಾಲಿಟಿ’ ಎಂಬ ಶಬ್ದ ಓದಿದರು.

“ನೀವು ಇತಿಹಾಸದವರು. ನಿಮ್ಮ ಚಾಳ ಕಂಪ್ಯೂಟರಿನ್ಯಾಗ ಕಟ್ರಿ. ಮಂದಿ ಅದರಾಗ ಅಡ್ಡಾಡಬೇಕು ನೋಡ್ರಿ,” ಎಂದರು. ಮಂದಿ ಚದುರುವ ಮುಂಚಿನ ಭಾನುವಾರ ಅದನ್ನು ಎಲ್ಲರಿಗೂ ತೋರಿಸುವುದೆಂದಾಯಿತು. ಆ ದಿನ ತಪ್ಪಿದರೆ ಹನ್ನೆರಡು ಮನೆಯವರು ಮತ್ತೆ ಒಂದೆಡೆ ಸಿಗುವುದು ಕಷ್ಟವಿತ್ತು.

ನಮ್ಮಲ್ಲಿದ್ದದ್ದು ಕೆಮ್ಮುತ್ತಲೇ ಏಳುವ ಒಂದು ಕಂಪ್ಯೂಟರ್. ಚಿತ್ರ ಪರದೆಯಿಂದೆದ್ದು ಕಾಣಲೆಂದು ಸರ್ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಒಂದು ಕಣ್ಣಿಗೆ ಕೆಂಪು, ಇನ್ನೊಂದಕ್ಕೆ ನೀಲಿ ಜಿಲೆಟಿನ್ ಅಂಟಿಸಿ ಕನ್ನಡಕ ಮಾಡಿದ್ದರು. ನಾನು ಟೇಪು ಹಿಡಿದು ಚಾಳನ್ನೆಲ್ಲ ಅಳೆದೆ. ತೊಂದರೆ ಶುರುವಾದದ್ದು, ಕಟ್ಟಬೇಕಾದದ್ದು ಯಾವ ಇಸವಿಯ ಚಾಳು ಎಂದು ನಿರ್ಧರಿಸುವಲ್ಲಿ. ನೀರಿನ ನಳ ಯಾವಾಗ ಬಂತು ಎಂದರೆ “ನಮ್ಮ ಸುಮಿ ಬಾಣಂತನಕ್ಕ ಬಂದಾಗ” ಎಂದು ಒಂದು ಮನೆಯವರು. ಯಾವ ಬಾಣಂತನ ಎಂದು ಕೇಳುವಷ್ಟು ಸಲುಗೆ ನನಗಿರಲಿಲ್ಲ. ಗೋಡೆಗೆ ನೀಲಿ ಬಣ್ಣವಿತ್ತೆಂದು ಆರು ಮನೆ, ಹಸಿರಿತ್ತೆಂದು ಐದು ಮನೆ. ನಮ್ಮ ಅವ್ವ ಮಾತ್ರ, “ಬಣ್ಣ ಎಲ್ಲಿತ್ತು?” ಎಂದಳು. ನಾನು ಮೂರನ್ನೂ ನಮೂದಿಸಿಕೊಂಡು, ಮೊದಲಿಗಿಂತ ಹೆಚ್ಚು ಗೊಂದಲದಲ್ಲಿ ಸುಣ್ಣದ ಬಿಳಿ ಬಳಿದೆ.

ಕೊನೆಯ ವಾರಕ್ಕೆ ಮುಂಚೆ ಐದನೆಯ ಮನೆಯ ಶಾಂತವ್ವ ಕಾಕುವನ್ನು ಕೇಂದ್ರಕ್ಕೆ ಕರೆದುಕೊಂಡು ಹೋದೆ. ನಮ್ಮ ಪಕ್ಕದ ಮನೆಯವಳು. ಅವಳು ಹೂಂ ಎಂದರೆ ಚಾಳು ಹೂಂ ಎಂದಂತೆ. ಕಾಕು ಕೆಂಪು-ನೀಲಿ ಕನ್ನಡಕವನ್ನು ತನ್ನ ಕನ್ನಡಕದ ಮೇಲೇರಿಸಿಕೊಂಡು ಪರದೆಯ ಮೇಲಿನ ಕಟ್ಟೆಗುಂಟ ಸುಮ್ಮನೆ ಹೋಗಿಬಂದಳು. ಆಮೇಲೆ ಕೇಳಿದಳು: “ಯಾರು ಹ್ವಾದ್ರವಾ?”

ನನಗೆ ತಿಳಿಯಲಿಲ್ಲ.

“ಹನ್ನೆರಡೂ ಬಾಗ್ಲಾ ಹಾಕ್ಯಾವಲ್ಲ. ಇಷ್ಟು ಬಾಗ್ಲಾ ಒಮ್ಮೆಲೆ ಹಾಕಬೇಕಂದ್ರ ದೊಡ್ಡ ಸಾವ ಆಗಿರಬೇಕು.”

ಬಾಗಿಲು ಹಾಕಿದ್ದು ನಾನು. ತೆರೆದರೆ ಒಳಗೆ ಮಂಚ, ಪಾತ್ರೆ, ದೇವರ ಗೂಡು ಎಲ್ಲ ಕಟ್ಟಬೇಕು. ನಮ್ಮ ಕಂಪ್ಯೂಟರು ಒಂದು ಕೊಡ ಇಟ್ಟರೂ ನಿಂತುಬಿಡುತ್ತಿತ್ತು. ಅದನ್ನು ವಿವರಿಸಿದೆ. ಕಾಕು ಕೇಳಿಸಿಕೊಂಡು, “ನಿನ್ನ ಪೆಟ್ಟಿಗಿಗೆ ಶಕ್ತಿ ಇಲ್ಲಂತ ನಾವು ಸೂತಕ ಹಿಡಿಯೂಣೇನು? ನಮ್ಮ ಬಾಗ್ಲಾ ಹಗಲೊತ್ತಿನ್ಯಾಗ ಯಾವತ್ತರ ಹಾಕಿದ್ದು ನೋಡೀಯೇನು? ತಗಿ ನಮ್ಮ ಮನಿ ಅದರಾಗಿಂದ. ಐತವಾರ ನಾ ಬರೂದಿಲ್ಲ,” ಎಂದು ಎದ್ದಳು. ಅವಳು ಬಾರದಿದ್ದರೆ ಯಾರೂ ಬರುವುದಿಲ್ಲವೆಂಬುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಉಪಾಯವೇನೋ ಹೊಳೆಯಿತು: ತೆರೆದ ಬಾಗಿಲ ಚೌಕಟ್ಟಿನ ಹಿಂದೆ ಒಳಮನೆಯ ಒಂದೊಂದು ಫೋಟೊ ಅಂಟಿಸುವುದು. ಆದರೆ ಅದಕ್ಕೆ ಒಳಗೆ ಹೋಗಬೇಕಲ್ಲ. ಅಷ್ಟು ವರ್ಷ ಅಲ್ಲಿದ್ದು ನಾನು ಯಾರ ಮನೆಯ ಹೊಸ್ತಿಲನ್ನೂ ದಾಟಿದವಳಲ್ಲ. ವಾಟಿ ಬಟ್ಟಲಲ್ಲಿ ಪಲ್ಲೆ ಕೊಟ್ಟು, ವಾಟಿ ಇಸಗೊಂಡು ಬರುವಷ್ಟೇ ಬಳಕೆ. ಈಗ ಒಂದೇ ದಿನ ಹನ್ನೊಂದು ಮನೆ, ಹನ್ನೊಂದು ಚಹಾ. ಎರಡನೆಯ ಮನೆಯ ಪರಸಪ್ಪ ಮಾಮಾ, ಮಿಲ್ಲಿನಿಂದ ನಿವೃತ್ತರಾದವರು, “ಕೂಡ್ರು. ದಾರಿ ಸಿಕ್ತಲಾ ನಮ್ಮ ಮನಿಗೆ? ಭಾಳ ದೂರ ಐತಿ ನೋಡು, ನಡುವ ಒಂದು ಮನಿ ದಾಟಬೇಕು,” ಎಂದರು. ಒಂಬತ್ತನೆಯ ಚಹಾದ ಹೊತ್ತಿಗೆ ‘ಅರ್ಧ ಕಪ್ಪು ಸಾಕು’ ಎನ್ನಲು ಕಲಿತಿದ್ದೆ. ಶಾಂತವ್ವ ಕಾಕು ಕೊನೆಗೆ ಒಳಗೆ ಬಿಟ್ಟಳು, ಭಾಂಡೆ-ಪಾತ್ರೆಗಳನ್ನೆಲ್ಲ ಬೆಳಗಿ ಸಾಲಾಗಿಟ್ಟ ಮೇಲೆ.

ಶನಿವಾರ ಮತ್ತೆ ಬಂದು ಪರೀಕ್ಷಿಸಿದಳು. ಹನ್ನೆರಡು ಬಾಗಿಲೂ ತೆರೆದಿದ್ದವು. ತನ್ನ ಭಾಂಡೆ ಎಣಿಸಿದಳು, ಮುಖ ಸಡಿಲಾಯಿತು. ಪರದೆಯ ಮೇಲೆ ನಾಲ್ಕನೆಯ ಮನೆಯ ಮುಂದೆ ಬಂದು ನಿಂತಳು. ಅದು ನಮ್ಮದು.

“ಇದು ಖೊಟ್ಟಿ,” ಎಂದಳು.

“ಯಾಕ ಕಾಕು? ಅಳತೀ ತೊಗೊಂಡೇನಿ.”

“ಅಳತೀ ಬರೋಬರಿ ಐತಿ. ನಿಮ್ಮ ಬಾಗ್ಲಾ ಯಾವತ್ತು ತೆರದಿತ್ತು? ಕಟ್ಟಿ ಮ್ಯಾಲೆ ನಾವೆಲ್ಲಾ ಕುಂತಿರತಿದ್ವಿ, ನೀ ಒಳಗಿಂದ ಚಿಲಕಾ ಹಾಕ್ಕೊಂಡು ಓದತಿದ್ದಿ. ನಮ್ಮ ಮನಿ ಖರೇ ಖರೇ ತೋರಸತೀ, ನಿಂದಷ್ಟ ಚಂದ ಮಾಡ್ಕೋತಿ?”

ಇತಿಹಾಸದ ವಿದ್ಯಾರ್ಥಿನಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಕಾಕು ಹೋದ ಮೇಲೆ ನಮ್ಮ ಬಾಗಿಲು ಹಾಕಿದೆ. ಹಿಂದೆ ಅಂಟಿಸಿದ್ದ ಫೋಟೊ ಬೇಡವಾಯಿತು, ಅಳಿಸಿದೆ. ಅದಕ್ಕೆಂದು ಎಬ್ಬಿಸಿದ್ದ ಒಳಕೋಣೆಯ ಗೋಡೆಯನ್ನೂ ಅಳಿಸಿದೆ. ಕಂಪ್ಯೂಟರಿಗೆ ಸ್ವಲ್ಪ ಉಸಿರಾಡಲು ಸಿಕ್ಕಿತು. ನನಗೆ ಮಾತ್ರ, ಉಳಿದವರಿಗೆ ಸಾವಿನ ಗುರುತಾದ ಮುಚ್ಚಿದ ಬಾಗಿಲು ನನ್ನೊಬ್ಬಳಿಗೆ ಹೇಗೆ ಸತ್ಯವಾಯಿತೆಂದು ತಿಳಿಯಲಿಲ್ಲ.

ಭಾನುವಾರ ಕೇಂದ್ರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಇದ್ದ ಎಂಟು ಕನ್ನಡಕ ಕೈಯಿಂದ ಕೈಗೆ ಹರಿದಾಡಿದವು. ಮೌಸು ಶಾಂತವ್ವ ಕಾಕುವಿನ ಕೈಯಲ್ಲಿ; ಬೇರೆ ಯಾರಿಗೂ ಕೊಡಲಿಲ್ಲ. “ಏ, ನನ್ನ ಗೋಡೆ ಮ್ಯಾಲಿನ ಕ್ಯಾಲೆಂಡರು,” “ಅಕಿ ಭಾಂಡೆ ನೋಡ್ರಿ, ಲಗ್ನದ ಮನಿ ಇದ್ದಂಗ ಐತಿ,” ಎಂದು ಒಂದೇ ಗದ್ದಲ. ಒಂದನೆಯ ಮನೆ, ಎರಡನೆಯದು, ಮೂರನೆಯದು. ನಾಲ್ಕನೆಯದರ ಮುಂದೆ ಕಾಕುವಿನ ಕೈ ನಿಧಾನವಾಯಿತು. ತಿರುಗಿ ನೋಡದೆ ಹೇಳಿದಳು: “ಮೆಲ್ಲಕ ಮಾತಾಡ್ರಿ. ಕೂಸು ಓದಾಕತ್ತೈತಿ.”

ಮಂದಿ ಸುಮ್ಮನಾದರು. ನಗಲಿಲ್ಲ, ರೂಢಿಯಿದ್ದವರಂತೆ ಸುಮ್ಮನಾದರು. ಪರಸಪ್ಪ ಮಾಮಾನ ಬಲಗೈ ಗಾಳಿಯಲ್ಲಿ ಏನನ್ನೋ ತಿರುವಿತು. “ರೇಡಿಯೋ ಸಣ್ಣ ಮಾಡತಿದ್ದೆ,” ಎಂದು ಪಕ್ಕದವರಿಗೆ ಪಿಸುಗುಟ್ಟಿದರು. “ಅಕಿ ಪರೀಕ್ಷಾ ಮುಗಿಯೂತನಾ ಸುದ್ದಿ ಕಿವಿ ಹಚ್ಚಿ ಕೇಳೂದು.”

ನನ್ನ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ, ಚಾಳಿನ ಲಕ್ಷಣಗಳು ಎಂಬ ಶೀರ್ಷಿಕೆಯ ಕೆಳಗೆ, ‘ಸ್ವಭಾವತಃ ಶಾಂತ ಓಣಿ’ ಎಂದು ಬರೆದು ಅಡಿಗೆರೆ ಎಳೆದಿದ್ದೆ. ಗೆರೆ ಎಂದಿನಂತೆ ನೆಟ್ಟಗಿತ್ತು.

ಕಾಕು ಪರದೆಯ ಮೇಲೆ ಬೆಕ್ಕಿನ ಹೆಜ್ಜೆಯಲ್ಲಿ ಆ ಬಾಗಿಲನ್ನು ದಾಟುತ್ತಿದ್ದಳು. ನಲವತ್ತು ಮಂದಿ ಉಸಿರು ಬಿಗಿಹಿಡಿದಿದ್ದರು. ನಾನು ಅವರ ಬೆನ್ನ ಹಿಂದೆ, ಗೋಡೆಗೆ ಒರಗಿ ನಿಂತಿದ್ದೆ. ಯಾರೂ ಇತ್ತ ತಿರುಗಲಿಲ್ಲ. ಆ ಬಾಗಿಲ ಹಿಂದೆ ಯಾರೂ ಇಲ್ಲ, ಕೋಣೆಯೂ ಇಲ್ಲ, ಎಲ್ಲ ನಿನ್ನೆಯೇ ಅಳಿಸಿದ್ದೇನೆ ಎಂದು ಹೇಳಬೇಕೆನಿಸಿತು. ಆದರೆ ಅವರೆಲ್ಲ ಅಷ್ಟು ಸುಮ್ಮನಿದ್ದಾಗ ಮಾತಾಡುವುದು ಹೇಗೆಂದು ತಿಳಿಯದೆ, ನಾನೂ ಮೆಲ್ಲಗೆ ಉಸಿರಾಡಿದೆ.