ಜೆನೋನ್ ಕೆತ್ತಿದ ಕುರಿಮರಿ

ಷಿಕಾಗೋದ ಪೋಲಿಷ್ ಕೇರಿಯಲ್ಲಿ ಜೆನೋನ್ ಎಂದರೆ ಸಾಮಾನ್ಯನಲ್ಲ, ಮಹಾಶಿಲ್ಪಿ! ನಲ್ಲಿ ರಿಪೇರಿ ಮಾಡುತ್ತಿದ್ದುದು ಬರೀ ಹೊಟ್ಟೆಪಾಡಿಗೆ. ಸೋಪು ಕಂಡರೆ ಸಾಕು, ಚಾಕು ಹಿಡಿದು ಕೆತ್ತಿಬಿಡುತ್ತಿದ್ದ. ಅವನ ಮನೆಯವರು ಹಂಸದ ಕತ್ತು ಹಿಡಿದು ಮೈ ಉಜ್ಜಿಕೊಳ್ಳುತ್ತಿದ್ದರು. ಬಂದವರು ಸಿಂಹದ ಬೆನ್ನು ಸವರಿ ಕೈ ತೊಳೆಯುತ್ತಿದ್ದರು.

ಇಂಥವನ ಅತ್ತೆ ಲಿಯೊಕಾಡ್ಯಾ ಆ ವರ್ಷ ಈಸ್ಟರ್ ಹತ್ತಿರ ಬಂದಾಗ ಕೈ ಮುರಿದುಕೊಂಡರು. ಪೋಲೆಂಡಿನಿಂದ ಬಂದಾಗಿನಿಂದ ಹಬ್ಬದ ಮುನ್ನಾದಿನ ಚರ್ಚಿಗೊಯ್ದು ಪಾದ್ರಿಯಿಂದ ಆಶೀರ್ವಾದ ಮಾಡಿಸುವ ತಿನಿಸಿನ ಬುಟ್ಟಿಗೆ ಬೆಣ್ಣೆಯ ಕುರಿಮರಿ ಮಾಡುತ್ತಿದ್ದವರು ಅವರೇ. ಮೊಟ್ಟೆ, ಸಾಸೇಜು, ಬ್ರೆಡ್ಡಿನ ನಡುವೆ ಆ ಮರಿ ಕೂರದಿದ್ದರೆ ಚರ್ಚಿನಲ್ಲಿ ತಲೆಯೆತ್ತುವ ಹಾಗಿರಲಿಲ್ಲ.

"ಅಂಗಡೀಲಿ ಸಿಗುತ್ತಲ್ಲ, ತಂದ್ರಾಯ್ತು," ಎಂದಳು ಹೆಂಡತಿ ಬೊಜೆನಾ.

"ಅಂಗಡೀದಾ?" ಅತ್ತೆಯ ಮುಖ ಸಪ್ಪಗಾಯಿತು. "ಹಾಗಾದ್ರೆ ಮನೇಲಿ ಮಾಡೋದು ನನ್ನ ಕೈಯಲ್ಲೇ ಮುಗೀತು ಅನ್ನು."

ಜೆನೋನ್ ಎದೆ ಉಬ್ಬಿಸಿದ. "ನಾನಿಲ್ವೇನಮ್ಮ! ಅಚ್ಚೂ ಬೇಡ, ಗಿಚ್ಚೂ ಬೇಡ, ಕೈಯಲ್ಲೇ ಕೆತ್ತುತೀನಿ. ನೋಡಿದ್ರೆ ನಿಜವಾದ ಕುರಿಗಳೇ ಬ್ಯಾ ಅಂತ ಓಡಿಬರಬೇಕು!"

"ಒಂದು ಮರಿ ಸಾಕಪ್ಪ. ಚೆನ್ನಾಗಿ ಬಂತಾ, ಇನ್ಮೇಲೆ ಆ ಕೆಲಸ ನಿಂದು. ಇಲ್ದಿದ್ರೆ ಅಂಗಡೀದೇ ಗತಿ."

ಶನಿವಾರ ಬೆಳಿಗ್ಗೆ ಅಡುಗೆಮನೆ ಶಿಲ್ಪಶಾಲೆಯಾಯಿತು. ಎಡಗಿವಿ ದೊಡ್ಡದಾಯಿತೆಂದು ಕೆರೆದ; ಈಗ ಬಲಗಿವಿ ದೊಡ್ಡದು! ಎರಡನ್ನೂ ಸಮ ಮಾಡುವಷ್ಟರಲ್ಲಿ ಕಿವಿಗಳೇ ಉಳಿಯಲಿಲ್ಲ. ಮತ್ತೆ ಬೆಣ್ಣೆ ಮೆತ್ತಿದ. ಕೊನೆಗೆ ಮೆಣಸಿನಕಾಳಿನ ಕಣ್ಣಿಟ್ಟಾಗ ಅತ್ತೆ ಬಗ್ಗಿ ನೋಡಿ, "ಪರವಾಗಿಲ್ವೇ, ನನ್ನ ಮೊದಲನೇದಕ್ಕಿಂತ ವಾಸಿ," ಎಂದರು. ಜೆನೋನನ ಕಾಲು ನೆಲದ ಮೇಲಿರಲಿಲ್ಲ.

ಹೊರಗೆ ಹಿಮ ಬೀಳುತ್ತಿತ್ತು. ಅತ್ತೆಯ ಮಂಡಿಗೆ ಚಳಿಯಾದೀತೆಂದು ಕಾರಿನ ಹೀಟರ್ ಜೋರು ಮಾಡಿದವನೂ ಅವನೇ, ಬುಟ್ಟಿಯನ್ನು ಜೋಪಾನವಾಗಿ ಅವರ ಕಾಲಬುಡದಲ್ಲಿಟ್ಟವನೂ ಅವನೇ!

ಚರ್ಚಿನ ಮೇಜಿನ ಮೇಲೆ ಬುಟ್ಟಿಯ ಬಟ್ಟೆ ಸರಿಸಿದರೆ, ಮರಿಯ ತಲೆ ಹೊಟ್ಟೆಯೊಳಗೆ ಇಳಿದಿತ್ತು. ಒಂದು ಕಣ್ಣು ಬಾಲದ ಕಡೆಗೆ ಹೊರಟಿತ್ತು.

"ಮಲಗಿಸಿಬಿಟ್ಟೆಯಲ್ಲೋ!" ಬೊಜೆನಾ ಪಿಸುಗುಟ್ಟಿದಳು.

"ಸುಮ್ನಿರೇ, ಎಬ್ಬಿಸ್ತೀನಿ." ಬೆನ್ನೆಲುಬಿಗೆಂದು ಸಾಸೇಜಿನ ತುಂಡೊಂದನ್ನು ಹಿಂದಿನಿಂದ ಚುಚ್ಚಿದ. ಅದು ಮೂಗಿನಿಂದ ಹೊರಬಂದು ನೀಳವಾಗಿ ಬಾಗಿ ನಿಂತಿತು.

ಪಕ್ಕದ ಬುಟ್ಟಿಯ ಹೆಂಗಸು ಕಣ್ಣರಳಿಸಿದಳು. "ಎಷ್ಟು ಮುದ್ದಾಗಿದೆ! ಆನೆ ಇಡೋದು ನಿಮ್ಮೂರ ಕಡೆ ಪದ್ಧತಿಯಾ?"

ಅತ್ತೆ ಬ್ಯಾಂಡೇಜಿನ ಕೈಯನ್ನು ಎದೆಗೊತ್ತಿಕೊಂಡು ಅಳಿಯನನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಪವಿತ್ರ ನೀರು ಚಿಮುಕಿಸುತ್ತ ಪಾದ್ರಿ ಬಂದರು. ಎತ್ತಿದ ಕೈ ಎತ್ತಿದಂತೆಯೇ ನಿಂತಿತು.

"ಜೆನೋನ್, ಏನಪ್ಪಾ ಇದು?"

ಮಹಾಶಿಲ್ಪಿ ತಲೆ ತಗ್ಗಿಸಿದ.

"ಬೆಣ್ಣೆ, ಫಾದರ್."